ಲೆನ್ಸು ಒಂಟಿಯಾಗಿ ನೋಡಿದ್ದು

ಮಾರ್ಚ್ ೪, ಮಂಗಳವಾರ

ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ಒತ್ತು ಎಲ್ಲಿ ಕೊಡಬೇಕು, ದೀರ್ಘ ಎಲ್ಲಿ ಎಳೆಯಬೇಕು ಎಂದು ಇವತ್ತಿಗೂ ನನಗೆ ಧೈರ್ಯವಿಲ್ಲ. ಐದನೇ ತರಗತಿ ಬಿಟ್ಟ ಮೇಲೆ ನಾನು ಬರೆದದ್ದು ಫೋಟೋ ಕವರಿನ ಮೇಲೆ ಗಿರಾಕಿಗಳ ಹೆಸರು ಮಾತ್ರ. ಅದನ್ನೂ ಕೆಲವರು ನಿಂತು ತಿದ್ದಿಸಿಕೊಂಡು ಹೋಗಿದ್ದಾರೆ. ಇದನ್ನು ಬೇರೆ ಯಾರೂ ಓದುವುದಿಲ್ಲ. ಆದರೆ ಮುಂದೆ ಯಾವಾಗಲಾದರೂ ನಾನೇ ತೆಗೆದು ಓದಿದರೆ ನನಗೇ ಬೇಸರ ಬರಬಹುದು. ಅದಕ್ಕೆ ನನ್ನ ಹತ್ತಿರವೇ ಕ್ಷಮೆ ಕೇಳಿಟ್ಟಿದ್ದೇನೆ.

ನಿನ್ನೆ ಚಿಕ್ಕಪ್ಪನ ಬಲಗಣ್ಣಿಗೆ ಆಪರೇಷನ್ ಆಯಿತು. ಕಣ್ಣಿನ ಹಿಂದಿನ ಪರದೆ, ತೇವದ ಗೋಡೆಯಿಂದ ಬಣ್ಣ ಎದ್ದು ಬರುವ ಹಾಗೆ ಎದ್ದು ಬಂದಿತ್ತಂತೆ. ಡಾಕ್ಟರು ಅದನ್ನು ಅಂಟಿಸಿ, ಕಣ್ಣಿನೊಳಗೆ ಗ್ಯಾಸಿನ ಗುಳ್ಳೆಯೊಂದನ್ನು ಬಿಟ್ಟಿದ್ದಾರೆ. ಗುಳ್ಳೆ ಯಾವಾಗಲೂ ಮೇಲಕ್ಕೆ ತೇಲುತ್ತದೆ. ಆದ್ದರಿಂದ ಮುಖ ಕೆಳಗೆ ಮಾಡಿ ಮಲಗಿದರೆ ಅದು ಹಿಂದಕ್ಕೆ ಹೋಗಿ ಪರದೆಯನ್ನು ಒತ್ತಿ ಹಿಡಿಯುತ್ತದೆ. ಹಗಲೂ ರಾತ್ರಿಯೂ ಹಾಗೇ ಇರಬೇಕು. ಊಟವೂ ಹಾಗೇ, ಮಾತೂ ಹಾಗೇ. ಚಿಕ್ಕಪ್ಪನ ಎಡಗಣ್ಣು ಹುಟ್ಟಿನಿಂದಲೇ ಮಂಕು, ಬೆಳಕಿದೆಯೋ ಇಲ್ಲವೋ ಅಷ್ಟೇ ಅದಕ್ಕೆ ತಿಳಿಯುವುದು. ಫೋಟೋ ತೆಗೆದು ಸಂಸಾರ ನಡೆಸಿದ್ದೆಲ್ಲ ಈ ಬಲಗಣ್ಣು. ಅದು ಬರುತ್ತದೆಯೇ ಎಂದು ಕೇಳಿದರೆ ಡಾಕ್ಟರು, "ಗುಳ್ಳೆ ಕರಗಲಿ, ಆಮೇಲೆ ಹೇಳ್ತೀನಿ" ಎಂದರು.

ನಮಗೆ ಇದು ಕಣ್ಣಿನ ಕಾಯಿಲೆ ಎಂದು ತಿಳಿಯಲೇ ತಡವಾಯಿತು. ಚಿಕ್ಕಪ್ಪ ಕ್ಯಾಮೆರಾಗೆ ಕಣ್ಣಿಟ್ಟು, "ಕೆಳಗಡೆ ಮೂಲೇಲಿ ಕಪ್ಪು ಬರ್ತಾ ಇದೆ, ಶಟರ್ ಸಿಕ್ಕಿಕೊಂಡಿದೆ" ಎಂದರು. ಒಳಗೆಲ್ಲ ಒರೆಸಿದರು. ಮರುದಿನ ಕಪ್ಪು ಇನ್ನೂ ಮೇಲೆ ಬಂತು. "ಹಾಗಾದ್ರೆ ಲೆನ್ಸಿಂದೇ ದೋಷ" ಎಂದು ಲೆನ್ಸನ್ನು ಬೀದಿ ಮೂಲೆಯ ರಿಪೇರಿ ಅಂಗಡಿಗೆ ಕೊಟ್ಟರು. ಅಲ್ಲಿರುವವರನ್ನು ಇಡೀ ಬೀದಿ ಸ್ಕ್ರೂ ಮಾಮ ಎನ್ನುತ್ತದೆ. ಮಾಮ ಲೆನ್ಸನ್ನು ಪೂರ್ತಿ ಬಿಚ್ಚಿ ನೋಡಿ, "ಇದರಲ್ಲಿ ಏನೂ ಇಲ್ವಲ್ಲಯ್ಯಾ" ಎಂದರು. ಆ ಸಂಜೆ ಚಿಕ್ಕಪ್ಪ ಚಹಾ ಲೋಟ ತೆಗೆದುಕೊಳ್ಳಲು ಕೈ ಚಾಚಿದರು. ಲೋಟದ ಅರ್ಧ ಅವರಿಗೆ ಕಾಣಿಸಲಿಲ್ಲ. ಕಣ್ಣಿನ ಮುಂದೆ ಆಗ ಕ್ಯಾಮೆರಾ ಇರಲಿಲ್ಲ.

ಆಸ್ಪತ್ರೆಯಲ್ಲಿ ಚಿಕ್ಕಮ್ಮ ಅಳುತ್ತಲೇ ಬೈದರು. "ಲೆನ್ಸಿಗೆ ಅಷ್ಟು ಔಷಧಿ ಮಾಡಿಸಿದ್ರಲ್ಲ, ಕಣ್ಣಿಗೂ ಆ ಸ್ಕ್ರೂ ಮಾಮನ್ನೇ ಕರೆಸ್ಬೇಕಿತ್ತು!"

ಮಾರ್ಚ್ ೫, ಬುಧವಾರ

ಚಿಕ್ಕಪ್ಪ ಮಂಚದ ಮೇಲೆ ಬೋರಲು ಮಲಗಿದ್ದಾರೆ. ಟವೆಲನ್ನು ಸುರುಳಿ ಸುತ್ತಿ ಚಿಕ್ಕಮ್ಮ ಒಂದು ದಿಂಡು ಮಾಡಿಕೊಟ್ಟಿದ್ದಾರೆ. ಅದರ ಮಧ್ಯೆ ಮುಖವಿಟ್ಟುಕೊಂಡು ನೆಲದ ಜೊತೆ ಮಾತಾಡುತ್ತಾರೆ. ದನಿ ಮಂಚದ ಕೆಳಗಿನಿಂದ ಬಂದ ಹಾಗೆ ಕೇಳಿಸುತ್ತದೆ.

ಇವತ್ತು ನನ್ನನ್ನು ಕರೆದು ಡಿಪೋ ಕೆಲಸದ ಮಾತೆತ್ತಿದರು. ಊರಾಚೆಯ ಬಸ್ ಡಿಪೋ ಈ ತಿಂಗಳ ಕೊನೆಗೆ ಮುಚ್ಚುತ್ತದೆ. ಅಲ್ಲಿನವರನ್ನೆಲ್ಲ ಬೇರೆ ಬೇರೆ ಡಿಪೋಗಳಿಗೆ ಹಂಚಿಬಿಡುತ್ತಾರೆ. ಅದಕ್ಕೆ ಮೊದಲು ಪ್ರತಿಯೊಬ್ಬರ ಒಂದೊಂದು ಚಿತ್ರ ಬೇಕು, ಎಲ್ಲರದ್ದೂ ಸೇರಿಸಿ ಒಂದು ಪುಸ್ತಕ ಮಾಡಿ ಎಲ್ಲರಿಗೂ ಕೊಡುತ್ತಾರಂತೆ. ಚಿಕ್ಕಪ್ಪ ಅರ್ಧ ತೆಗೆದಿದ್ದರು. ಉಳಿದವರನ್ನು ತಿಂಗಳು ಮುಗಿದ ಮೇಲೆ ಒಂದು ಕಡೆ ಹಿಡಿಯಲು ಆಗುವುದಿಲ್ಲ.

"ಉಳಿದಿದ್ದು ನೀನು ತೆಗಿ ಪುಟ್ಟಿ" ಎಂದರು.

ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ಚಿಕ್ಕಮ್ಮ ನನ್ನ ಪರವಾಗಿ ಮಾತಾಡಿದರು. "ಏನ್ರೀ, ಗಿರಾಕಿ ಬಂದ್ರೆ ಪರದೆ ಹಿಂದೆ ಅಡಗ್ತಾಳೆ ಅವಳು. ಡ್ರೈವರುಗಳ ಮುಖಕ್ಕೆ ಮುಖ ಕೊಟ್ಟು ಫೋಟೋ ತೆಗೀತಾಳಾ?"

"ಕ್ಯಾಮೆರಾನೂ ಒಂದು ಪರದೇನೇ ಕಣೇ. ಅದರ ಹಿಂದೆ ಅಡಗಲಿ ಬಿಡು."

ಅಪ್ಪ ನನ್ನನ್ನು ಇವರ ಹತ್ತಿರ ಕಳಿಸಿದ್ದು ಕೆಲಸ ಕಲಿಯಲಿ ಎಂದೇ. ಈ ತನಕ ಸ್ಟುಡಿಯೋ ಗುಡಿಸಿದ್ದೇನೆ, ಗಿರಾಕಿಗಳ ಹಿಂದೆ ಇಳಿಬಿಡುವ ಬಟ್ಟೆ ಬದಲಾಯಿಸಿದ್ದೇನೆ, ಫೋಟೋ ಕತ್ತರಿಸಿದ್ದೇನೆ. ಬಟನ್ ಒತ್ತಿದ್ದೂ ಇದೆ. ಆದರೆ ಆಗೆಲ್ಲ ಆ ಹೊಸ ಲೆನ್ಸೇ ಮುಖ ಹುಡುಕಿ ತಾನೇ ಫೋಕಸ್ ಮಾಡಿಕೊಳ್ಳುತ್ತಿತ್ತು. ಅದೀಗ ಮಾಮನ ಮೇಜಿನ ಮೇಲೆ ಸಿಪ್ಪೆ ಸುಲಿದಂತೆ ಬಿದ್ದಿದೆ. ಬಿಚ್ಚಿದ್ದು ಮತ್ತೆ ಸರಿಯಾಗಿ ಕೂರುತ್ತಿಲ್ಲವಂತೆ.

ಮಾರ್ಚ್ ೭, ಶುಕ್ರವಾರ

ಮಾಮನಿಗೆ ಪಾಪಪ್ರಜ್ಞೆ ಕಾಡಿರಬೇಕು. ಬೆಳಿಗ್ಗೆಯೇ ಬಂದು ಒಂದು ಉಂಗುರ ಕೊಟ್ಟರು. ಬೆರಳಿಗೆ ಹಾಕುವುದಲ್ಲ, ಬಳೆಯಷ್ಟು ಅಗಲದ ಲೋಹದ್ದು. ಅಡಾಪ್ಟರ್ ಎನ್ನುತ್ತಾರೆ. ಒಂದು ಮುಖ ನಮ್ಮ ಹೊಸ ಕ್ಯಾಮೆರಾಗೆ ಹಿಡಿಸುತ್ತದೆ, ಇನ್ನೊಂದು ಮುಖ ಚಿಕ್ಕಪ್ಪನ ಹಳೆಯ ರೇಂಜ್‌ಫೈಂಡರ್ ಕ್ಯಾಮೆರಾದ ಲೆನ್ಸಿಗೆ. ಆ ಹಳೆಯ ಕ್ಯಾಮೆರಾ ಸತ್ತು ಎಷ್ಟೋ ಕಾಲವಾಯಿತು. ಅದರ ಲೆನ್ಸುಗಳು ಮಾತ್ರ ಬೀರುವಿನಲ್ಲಿ ಹತ್ತಿಬಟ್ಟೆಯಲ್ಲಿ ಸುತ್ತಿಕೊಂಡು ಮಲಗಿದ್ದವು.

"ಹೊಸ ಸೊಸೆ, ಹಳೇ ಅತ್ತೆ. ಮಧ್ಯ ಈ ಉಂಗುರ ಒಂದು ಇರ್ಲಿ, ಜಗಳ ಆಗಲ್ಲ" ಎಂದರು ಮಾಮ.

ಲೆನ್ಸು ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು, ಆದರೆ ತೂಕ ಹೊಳೆಯ ಕಲ್ಲಿನಷ್ಟು. ಉಂಗುರ ಹಾಕಿ ತಿರುಗಿಸಿದೆ, ಟಕ್ ಎಂದು ಕೂತಿತು. ಬಟನ್ ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಕ್ಯಾಮೆರಾ ಕಲ್ಲಾಗಿತ್ತು. ನಾನೇ ಕೆಡಿಸಿದೆ ಎಂದುಕೊಂಡೆ. ಒಳಗೆ ಹೋಗಿ ಮಂಚದ ಪಕ್ಕ ಸುಮ್ಮನೆ ನಿಂತೆ.

"ಏನಾಯ್ತು? ನಿಂತಿರೋದು ಗೊತ್ತಾಗ್ತಿದೆ, ಹೇಳು."

ಹೇಳಿದೆ. ಚಿಕ್ಕಪ್ಪ ನಕ್ಕರು, ಮಂಚವೂ ಜೊತೆಗೆ ನಕ್ಕಂತೆ ಅಲುಗಾಡಿತು. "ಹೊಸ ಲೆನ್ಸುಗಳು ಕ್ಯಾಮೆರಾ ಜೊತೆ ಮಾತಾಡ್ತವೆ. ಈ ಹಳೇದಕ್ಕೆ ಬಾಯಿಲ್ಲ. ಅದು ಮಾತಾಡಲ್ಲ ಅಂದಮೇಲೆ ಅಲ್ಲಿ ಲೆನ್ಸೇ ಇಲ್ಲ ಅಂದ್ಕೊಂಡಿದೆ ಕ್ಯಾಮೆರಾ. ಲೆನ್ಸ್ ಇಲ್ದಿದ್ರೂ ಶಟರ್ ಬಿಡು ಅಂತ ಮೆನುವಿನಲ್ಲಿ ಒಂದು ಸಾಲಿದೆ, ಅದನ್ನ ಆನ್ ಮಾಡು."

ಮಾತಾಡದವರನ್ನು ಇಲ್ಲವೇ ಇಲ್ಲ ಎಂದುಕೊಳ್ಳುವ ಯಂತ್ರ! ಆ ಸಾಲು ಹುಡುಕಿ ಆನ್ ಮಾಡಿದೆ.

ಆಮೇಲೆ ನಡೆದದ್ದನ್ನು ಹೇಗೆ ಬರೆಯಲಿ? ಕ್ಯಾಮೆರಾದ ಕಿಂಡಿಗೆ ಕಣ್ಣಿಟ್ಟೆ. ಎಲ್ಲ ಮಂಜು. ಲೆನ್ಸಿನ ಮೇಲಿನ ಫೋಕಸ್ ಬಳೆಯನ್ನು ಮೆಲ್ಲಗೆ ತಿರುಗಿಸಿದೆ. ಮಂಜಿನೊಳಗಿಂದ ಕುರ್ಚಿಯ ತೋಳು ಎದ್ದು ಬಂತು, ಅದರ ಸೀಳು, ಸೀಳಿನ ಧೂಳು. ಇನ್ನೊಂದು ಚೂರು ತಿರುಗಿಸಿದರೆ ಕುರ್ಚಿ ಕರಗಿ, ಹಿಂದಿನ ದೀಪದ ಕಾಲು ಬಂತು. ಇನ್ನೊಂದು ಚೂರು, ಗೋಡೆಯ ಮೊಳೆ ಮತ್ತು ಮೊಳೆಯ ನೆರಳು. ನಾನು ನಿಂತಲ್ಲೇ ನಿಂತಿದ್ದೆ, ಆದರೆ ಕೋಣೆಯೊಳಗೆ ಯಾರೋ ದೀಪ ಹಿಡಿದುಕೊಂಡು ನಡೆದು ಹೋಗುತ್ತಿದ್ದಾರೆ ಅನ್ನಿಸಿತು. ದಿನಾ ಗುಡಿಸುವ ಕೋಣೆ ಅದು. ಅದರಲ್ಲಿ ಇಷ್ಟೊಂದು ಪದರಗಳಿವೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಚಿಕ್ಕಮ್ಮ ಮೂರು ಸಲ ಊಟಕ್ಕೆ ಕರೆದರಂತೆ.

ಮಾರ್ಚ್ ೮, ಶನಿವಾರ

ಪಾಠ. ಲೆನ್ಸಿನ ಕೆಳಗೆ, ಆ ಬಳೆ ತಿರುಗಿಸಲು ಬೆರಳು ಕೂರುವ ಒಂದು ಪುಟ್ಟ ಕೊಂಡಿ ಇದೆ. ಬೆರಳು ನೇರ ಕೆಳಗಿದ್ದರೆ ಎದುರಿನವರು ಒಂದೂವರೆ ಮೀಟರಿನಲ್ಲಿದ್ದಾರೆ ಎಂದರ್ಥ. ಒಂದು ಕಡೆಗೆ ಪೂರ್ತಿ ಎಳೆದರೆ ಬೆಟ್ಟ, ಮೋಡ, ದೂರದ್ದೆಲ್ಲ. ಇನ್ನೊಂದು ಕಡೆಗೆ ಎಳೆದರೆ ಒಂದು ಮೀಟರು, ಅಷ್ಟೇ. ಅದಕ್ಕಿಂತ ಹತ್ತಿರ ಬರುವುದಿಲ್ಲ.

"ನಿನ್ನ ಥರಾನೇ ನಾಚಿಕೆ ಸ್ವಭಾವದ್ದು" ಎಂದರು ಚಿಕ್ಕಪ್ಪ.

ಕ್ಯಾಮೆರಾದಲ್ಲಿ ಒಂದು ಸಹಾಯ ಇದೆ. ಎಲ್ಲಿ ಸ್ಪಷ್ಟವಾಗಿದೆಯೋ ಅಲ್ಲಿ ಅಂಚಿಗೆ ಕೆಂಪು ಗೆರೆ ಹಚ್ಚಿ ತೋರಿಸುತ್ತದೆ. ಹಳೆಯ ಕ್ಯಾಮೆರಾದಲ್ಲಿ ಇಂಥದ್ದೇನೂ ಇರಲಿಲ್ಲವಂತೆ. ಲೆನ್ಸಿನ ಮೂಲಕ ನೋಡುವುದೇ ಇರಲಿಲ್ಲ! ನನಗೆ ನಂಬಿಕೆಯಾಗದೆ ಮತ್ತೆ ಕೇಳಿದೆ.

"ಹೌದೇ. ಲೆನ್ಸು ಮುಂದೆ, ನಾವು ನೋಡೋ ಕಿಂಡಿ ಪಕ್ಕದಲ್ಲಿ. ಬೇರೆ ಗಾಜು. ಅದರಲ್ಲಿ ಬರೀ ಅಳತೆ ಸಿಗ್ತಿತ್ತು, ಎರಡು ಬಿಂಬ ಒಂದರ ಮೇಲೊಂದು ಕೂತ್ರೆ ಸರಿ. ಲೆನ್ಸು ಏನು ನೋಡ್ತು ಅನ್ನೋದು ಫಿಲ್ಮ್ ತೊಳೆದ ಮೇಲೇ."

"ಹಾಗಾದ್ರೆ ಈ ಲೆನ್ಸಿಂದ ನೀವು ಯಾವತ್ತೂ..."

"ಯಾವತ್ತೂ ಇಲ್ಲ. ಪಕ್ಕದ ಮನೆಯವರ ಥರ ಇದ್ವಿ."

ಆಮೇಲೆ ಒಂದು ಆಟ ಆಡಿದರು. ನಾನು ಕೋಣೆಯಲ್ಲಿ ಎಲ್ಲಾದರೂ ನಿಂತು ಒಂದು ಮಾತು ಹೇಳಬೇಕು. ಮುಖ ದಿಂಡಿನಲ್ಲಿ ಹೂತಿದ್ದರೂ ಅವರು ದೂರ ಹೇಳುತ್ತಾರೆ. "ಎರಡು ಮೀಟರು. ಬೀರು ಪಕ್ಕ." ಚಿಕ್ಕಮ್ಮನ ಹೊಲಿಗೆ ಟೇಪು ತಂದು ಅಳೆದೆ. ಎರಡು ಮೀಟರಿಗೆ ಬೆರಳಗಲ ಕಡಿಮೆ. ಬಾಗಿಲಲ್ಲಿ ನಿಂತೆ, ಕಿಟಕಿಯಲ್ಲಿ ನಿಂತೆ. ಎಲ್ಲ ಸರಿ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬೋರಲು ಮಲಗಿದ ಮನುಷ್ಯನಿಗೆ ಕೋಣೆ ಪೂರ್ತಿ ಗೊತ್ತು.

"ಇನ್ನೂ ಜೋರಾಗಿ ಮಾತಾಡು. ನಿನ್ನ ದನಿ ನಿನ್ನಿಂದ ಒಂದಡಿ ಆಚೆಗೂ ಬರಲ್ಲ, ಅಳೆಯೋದು ಹೇಗೆ?"

ಮಾರ್ಚ್ ೧೦, ಸೋಮವಾರ

ಡಿಪೋಗೆ ಹೋಗಿಬಂದೆ. ಟೈರು ಇಡುವ ಕೊಠಡಿಯ ದೊಡ್ಡ ಬಾಗಿಲ ಪಕ್ಕ ಒಳ್ಳೆಯ ಬೆಳಕಿದೆ, ಚಿಕ್ಕಪ್ಪ ಅಲ್ಲೇ ಸ್ಟೂಲು ಹಾಕಿದ್ದರು. ಪಾಳಿ ಮುಗಿಸಿದವರು ಒಬ್ಬೊಬ್ಬರಾಗಿ ಬಂದು ಕೂತರು. ಒಬ್ಬ ಡ್ರೈವರಿಗೆ ಗಂಟಲು ಎಂದೇ ಹೆಸರು, ಅವರು ಮಾತಾಡಿದರೆ ಹಾರ್ನ್ ಬೇಡ.

"ಏನಮ್ಮಾ ಮರಿ, ನಿಮ್ಮ ಚಿಕ್ಕಪ್ಪ ಆದ್ರೆ ತಲೆ ಎತ್ತು, ಹೊಟ್ಟೆ ಒಳಗೆ ತಗೋ ಅಂತ ಏನಾದ್ರೂ ಹೇಳೋರು. ನೀನು ಏನೂ ಹೇಳಲ್ವಲ್ಲ! ನಾನು ಹೀಗೇ ಚೆನ್ನಾಗಿದೀನಾ?"

ಎಲ್ಲರೂ ನಕ್ಕರು. ನಾನು ಕ್ಯಾಮೆರಾ ಹಿಂದಿದ್ದೆ. ಕೆಂಪು ಗೆರೆ ಬಂದ ಕೂಡಲೇ ಒತ್ತಿದೆ. ಬೇಗ ಬೇಗ ಮುಗಿಯಿತು. ಕಷ್ಟವೇನೂ ಆಗಲಿಲ್ಲ.

ಮಾರ್ಚ್ ೧೧, ಮಂಗಳವಾರ

ಬಟನ್. ಎಲ್ಲರ ಅಂಗಿಯ ಬಟನ್‌ಗಳು ಸ್ಪಷ್ಟ. ದಾರದ ಎಳೆ ಎಣಿಸಬಹುದು. ಕಣ್ಣು ಒಂದೂ ಇಲ್ಲ.

ಮಾರ್ಚ್ ೧೨, ಬುಧವಾರ

ನಿನ್ನೆ ಅಷ್ಟಕ್ಕಿಂತ ಹೆಚ್ಚು ಬರೆಯಲು ಆಗಲಿಲ್ಲ. ದೊಡ್ಡದು ಮಾಡಿ ನೋಡಿದಾಗ ಎಲ್ಲ ಮುಖವೂ ನೀರಿನಡಿ ಇದ್ದಂತಿತ್ತು, ಎದೆಯ ಮೇಲೆ ಹಿತ್ತಾಳೆ ಬಟನ್‌ಗಳು ಮಾತ್ರ ಮಿರಮಿರ. ಕೆಂಪು ಗೆರೆ ಹೊಳೆಯುವ ಕಡೆಗೆ ಮೊದಲು ಓಡುತ್ತದಂತೆ. ನಾನು ಅದು ಹೇಳಿದ್ದನ್ನು ಕೇಳಿದೆ.

ಚಿಕ್ಕಪ್ಪನಿಗೆ ಹೇಳದಿದ್ದರೂ ನಡೆಯುತ್ತಿತ್ತು, ಅವರು ನೋಡಲಾರರು. ಹೇಳಿದೆ. ಬೈಯಲಿಲ್ಲ. ಒಂದೊಂದೇ ಚಿತ್ರ ಹೇಗಿದೆ ಎಂದು ನನ್ನ ಬಾಯಿಂದ ಹೇಳಿಸಿದರು. ಬೆಳಕು ಯಾವ ಕಡೆ, ಭುಜ ಹೇಗೆ, ಕೈ ಎಲ್ಲಿ. ನಾನು ಹೇಳುತ್ತಾ ಹೋದೆ. ಕೊನೆಗೆ ಕೇಳಿದರು:

"ಗಂಟಲಿನ ಕಣ್ಣಿನ ಬಣ್ಣ ಯಾವುದು?"

ಗೊತ್ತಿರಲಿಲ್ಲ.

"ಹಾಂ. ಅಲ್ಲೇ ಇರೋದು ತಪ್ಪು. ಲೆನ್ಸಿಂದಲ್ಲ."

ಮತ್ತೆ ಹೇಳಿಕೊಟ್ಟರು. ಕೆಂಪು ಗೆರೆ ಆಫ್ ಮಾಡು. ಕ್ಯಾಮೆರಾದ ಹಿಂಬದಿಯ ಗುಂಡಿ ಒತ್ತಿದರೆ ನಡುವಿನದ್ದು ಎಷ್ಟೋ ಪಟ್ಟು ದೊಡ್ಡದಾಗಿ ಕಾಣುತ್ತದೆ. ಅದನ್ನು ಕಣ್ಣಿನ ಮೇಲೆ ಇಡು. ರೆಪ್ಪೆ ಬರುವ ತನಕ ಉಸಿರು ಹಿಡಿ.

ಚಿಕ್ಕಮ್ಮನನ್ನು ಕಿಟಕಿ ಹತ್ತಿರ ಕೂರಿಸಿದೆ. "ಬೇಗ ಮಾಡೇ, ಒಲೆ ಮೇಲೆ ಹಾಲಿದೆ" ಎಂದರು. ಗುಂಡಿ ಒತ್ತಿದೆ. ಒಂದು ಕಣ್ಣು ಕಿಂಡಿಯ ತುಂಬ ಬಂತು. ನಾನು ಹೆದರಿ ಮುಖ ತೆಗೆದುಬಿಟ್ಟೆ. ಮತ್ತೆ ನೋಡಿದೆ. ಬೆರಳಿನ ಕೂದಲೆಳೆಯಷ್ಟು ಚಲನೆ, ಮಂಜಿನಿಂದ ಒಂದೊಂದೇ ರೆಪ್ಪೆ ಬಂತು, ಬಿಡಿಬಿಡಿಯಾಗಿ, ಬೇರಿನ ಸಮೇತ. ಕಣ್ಣಿನ ಕಪ್ಪಿನೊಳಗೆ ನಮ್ಮ ಕಿಟಕಿ ಇತ್ತು. ಕಿಟಕಿಯ ಸರಳು ಇತ್ತು. ಸರಳಿನ ಪಕ್ಕ ಒಂದು ಚುಕ್ಕೆ ಇತ್ತು, ಅದು ನಾನು.

ಇಷ್ಟು ವರ್ಷ ಅವರ ಕೈ ಊಟ ಉಂಡಿದ್ದೇನೆ. ಅವರ ಕಣ್ಣು ಕಪ್ಪಲ್ಲ, ಕಂದು. ಅಂಚಿನಲ್ಲಿ ಒಂದು ತೆಳುವಾದ ನೀಲಿ ಬಳೆ ಇದೆ.

ಹಾಲು ಉಕ್ಕಿತು. ಬೈಸಿಕೊಂಡೆ.

ಮಾರ್ಚ್ ೧೪, ಶುಕ್ರವಾರ

ಎಲ್ಲರನ್ನೂ ಮತ್ತೆ ಕರೆಯಬೇಕಿತ್ತು. ಡಿಪೋ ಗೇಟಿನ ಹತ್ತಿರ ಹೋಗಿ ವಾಪಸ್ ಬರೋಣ ಎಂದು ಎರಡು ಹೆಜ್ಜೆ ಇಟ್ಟಿದ್ದೂ ಹೌದು. ಅಷ್ಟರಲ್ಲಿ ಗಂಟಲು ನೋಡಿಬಿಟ್ಟರು.

"ಏನಮ್ಮಾ ಮರಿ, ಫೋಟೋ ಬಂತಾ?"

"ಬಂದಿಲ್ಲ. ನಂದೇ ತಪ್ಪು. ಬಟನ್ ಮಾತ್ರ ಬಂದಿದೆ. ಮತ್ತೆ ಕೂತ್ಕೋಬೇಕು."

ಗಂಟಲು ತಮ್ಮ ಬಟನ್ ನೋಡಿಕೊಂಡು, "ಇಡೀ ಮೈಯಲ್ಲಿ ನೆಟ್ಟಗಿರೋದು ಇದೊಂದೇ, ಅದನ್ನೇ ತೆಗೆದಿದೀಯ ಬಿಡು" ಎಂದರು. ಡಿಪೋ ಪೂರ್ತಿ ನಕ್ಕಿತು. ನನಗೂ ನಗು ಬಂತು.

ಇವತ್ತು ಒಬ್ಬೊಬ್ಬರಿಗೂ ಬಹಳ ಹೊತ್ತು ಹಿಡಿಯಿತು. ಅಲ್ಲಾಡಬೇಡಿ ಎನ್ನಬೇಕು, ಇಲ್ಲದಿದ್ದರೆ ರೆಪ್ಪೆ ಜಾರಿಹೋಗುತ್ತದೆ. ಹಿಂದೆ ಒರಗಿದರೆ ಕಿವಿ ಸ್ಪಷ್ಟ, ಮುಂದೆ ಬಾಗಿದರೆ ಮೂಗು. ಒಬ್ಬ ಮನುಷ್ಯನ ಮೂಗಿನಿಂದ ಕಿವಿಗೆ ಇಷ್ಟು ದೂರ ಇದೆ ಎಂದು ನನಗೆ ಗೊತ್ತಿರಲಿಲ್ಲ. ಟಿಕೆಟ್ ಕೊಡುವ ಅಕ್ಕ ಒಬ್ಬರಿದ್ದಾರೆ. ಅವರ ಕಣ್ಣಿನ ಸುತ್ತ ಬಿಸಿಲಿಗೆ ಕಣ್ಣು ಕಿರಿದು ಮಾಡಿ ಮಾಡಿ ಬಂದ ಗೆರೆಗಳು, ಒಣಗಿದ ಕೆರೆಯ ಮಣ್ಣಿನಂತೆ. ನೋಡುತ್ತಾ ಒತ್ತುವುದನ್ನೇ ಮರೆತೆ. "ಏನಾಯ್ತು, ನಿದ್ದೆ ಹೋದ್ಯಾ?" ಎಂದರು.

ಗಂಟಲಿನ ಕಣ್ಣು ಜೇನಿನ ಬಣ್ಣ. ಎಡಗಣ್ಣಿನಲ್ಲಿ ಒಂದು ಕಪ್ಪು ಚುಕ್ಕೆ ಇದೆ. ಅವರಿಗೇ ಗೊತ್ತಿಲ್ಲವಂತೆ. ತೋರಿಸಿದೆ. ಕ್ಯಾಮೆರಾದ ಪರದೆಯ ಮೇಲೆ ಅದನ್ನು ನೋಡುತ್ತಾ ಮೊದಲ ಸಲ ಮೆಲ್ಲಗೆ ಮಾತಾಡಿದರು. "ನಮ್ಮಪ್ಪನಿಗೂ ಇತ್ತು ಇದು" ಎಂದರು.

ಮಾರ್ಚ್ ೧೫, ಶನಿವಾರ

ಚಿಕ್ಕಪ್ಪ ಇನ್ನು ಎದ್ದು ಕೂರಬಹುದು ಎಂದರು ಡಾಕ್ಟರು. ಮನೆಗೆ ಬಂದ ಮೇಲೆ ಚಿಕ್ಕಮ್ಮ ಪಟ್ಟಿ ತೆಗೆದರು. ಕಣ್ಣು ಕೆಂಪಗೆ ಊದಿದೆ.

"ಮೇಲೆ ಒಂದು ಗೆರೆ ಬೆಳಕು" ಎಂದರು ಚಿಕ್ಕಪ್ಪ. "ಅದರ ಕೆಳಗೆಲ್ಲ ಬೂದಿ. ಗೆರೆ ಅಲ್ಲಾಡ್ತಾ ಇದೆ, ಲೋಟದಲ್ಲಿ ನೀರು ತುಳುಕೋ ಹಾಗೆ."

ಅದೇ ಗುಳ್ಳೆಯ ಅಂಚು. ಗುಳ್ಳೆ ಕರಗಿದಂತೆ ಗೆರೆ ದಿನದಿನಕ್ಕೂ ಕೆಳಗಿಳಿಯುತ್ತದೆ, ಅದರ ಮೇಲೆ ಕಾಣುತ್ತಾ ಬರುತ್ತದೆ. ಗುಳ್ಳೆ ನಿಜದಲ್ಲಿ ಮೇಲಿದ್ದರೂ ಕಣ್ಣಿಗೆ ಕೆಳಗೆ ಕಾಣುತ್ತದಂತೆ, ಏಕೆಂದರೆ ಕಣ್ಣು ಎಲ್ಲವನ್ನೂ ತಲೆಕೆಳಗಾಗಿಯೇ ಹಿಡಿಯುತ್ತದೆ, ಕ್ಯಾಮೆರಾದ ಹಾಗೆ. ಚಿಕ್ಕಪ್ಪ ತಲೆಯನ್ನು ಆ ಕಡೆ ಈ ಕಡೆ ವಾಲಿಸಿ ನೋಡುತ್ತಿದ್ದರು. "ಹೇಗೆ ವಾಲಿಸಿದ್ರೂ ಗೆರೆ ನೆಟ್ಟಗೇ ನಿಲ್ಲುತ್ತೆ ಕಣೇ!" ಎಂದರು, ಆಟಿಕೆ ಸಿಕ್ಕಿದವರ ಹಾಗೆ. ಚಿಕ್ಕಮ್ಮ ಅಡುಗೆಮನೆಗೆ ಹೋಗಿ ಮೂಗು ಒರೆಸಿಕೊಂಡರು.

ಮಾರ್ಚ್ ೧೯, ಬುಧವಾರ

ಇವತ್ತು ಎಲ್ಲರೂ ಬಸ್ಸಿನ ಮುಂದೆ ಸೇರಿ ಒಂದು ಚಿತ್ರ. ಅಗಲಕ್ಕೆ ಹಿಡಿಯಬೇಕೆಂದು ಬೀರುವಿನ ಇನ್ನೊಂದು ಪುಟ್ಟ ಲೆನ್ಸು ಹಾಕಿದೆ. ನೋಡಿದರೆ ಎರಡು ತುದಿಯಲ್ಲೂ ಚಿತ್ರ ಕಲಸಿಹೋಗಿ ನೇರಳೆ ಬಣ್ಣ! ತುದಿಯಲ್ಲಿ ನಿಂತಿದ್ದ ಗಂಟಲಿನ ಕಿವಿ ಬದನೆಕಾಯಿಯಂತಾಗಿತ್ತು. ಮಾಮನನ್ನು ಫೋನಿನಲ್ಲಿ ಕೇಳಿದೆ. ಆ ಲೆನ್ಸಿನ ಹಿಂಭಾಗ ಫಿಲ್ಮಿಗೆ ತೀರಾ ಹತ್ತಿರ ಕೂರುವಂಥದ್ದು, ಬೆಳಕು ಮೂಲೆಗೆ ಓರೆಯಾಗಿ ಬೀಳುತ್ತದೆ, ಫಿಲ್ಮು ಅದನ್ನು ಸಹಿಸುತ್ತಿತ್ತು, ಹೊಸ ಕ್ಯಾಮೆರಾದಲ್ಲಿ ಫಿಲ್ಮಿನ ಬದಲಿಗಿರುವ ಸೆನ್ಸರಿಗೆ ಎದುರಿನಿಂದ ನೆಟ್ಟಗೆ ಬರಬೇಕು ಎಂದರು.

ಮೊದಲಿನ ಲೆನ್ಸೇ ಹಾಕಿಕೊಂಡು ಹಿಂದಕ್ಕೆ, ಇನ್ನೂ ಹಿಂದಕ್ಕೆ, ರಸ್ತೆ ದಾಟಿ ಆಚೆ ಬದಿಗೆ ಹೋದೆ. ಅಲ್ಲಿಂದ ಕೂಗಿದೆ: "ಗಂಟಲು ಮಾಮ, ತಲೆ ಎತ್ತಿ! ಅಕ್ಕ, ಎಡಕ್ಕೆ! ಯಾರೂ ಕಣ್ಣು ಮುಚ್ಚಬೇಡಿ!"

ಚಿತ್ರ ಚೆನ್ನಾಗಿ ಬಂದಿದೆ. ಬಟನ್ನೂ ಇದೆ, ಕಣ್ಣೂ ಇದೆ.

ಮಾರ್ಚ್ ೨೨, ಶನಿವಾರ

ಒಂದು ವಿಚಿತ್ರ. ಇವತ್ತು ಮೆಕ್ಯಾನಿಕ್ ಒಬ್ಬರು ಬಂದು ಸ್ಟೂಲಿನ ಮೇಲೆ ಕೂತರು. ನಾನು ಇನ್ನೂ ಕಿಂಡಿಗೆ ಕಣ್ಣಿಟ್ಟಿರಲಿಲ್ಲ, ಬೆರಳು ಆಗಲೇ ಕೊಂಡಿಯನ್ನು ಒಂದು ಜಾಗಕ್ಕೆ ತಂದು ನಿಲ್ಲಿಸಿತ್ತು. ಕಣ್ಣಿಟ್ಟರೆ ಅವರ ರೆಪ್ಪೆಗಳು ಎದುರಿಗೇ ಇದ್ದವು. ಹೇಗೆ ಎಂದು ಗೊತ್ತಿಲ್ಲ. ನಾನು ಯಾವಾಗ ಅಳೆದೆ? ಬೆರಳನ್ನೇ ಸ್ವಲ್ಪ ಹೊತ್ತು ನೋಡಿದೆ.

ಉಳಿದವರು ಇನ್ನು ನಾಲ್ಕೈದು ಜನ ಅಷ್ಟೇ.

ಗೆರೆ ಚಿಕ್ಕಪ್ಪನ ಕಣ್ಣಿನ ಅರ್ಧಕ್ಕಿಂತ ಕೆಳಗಿಳಿದಿದೆ.

ಮಾರ್ಚ್ ೨೬, ಬುಧವಾರ

ಗುಳ್ಳೆ ಕೊನೆಗೆ ಸಾಸಿವೆಯಷ್ಟಾಗಿ, ಚಿಕ್ಕಪ್ಪನಿಗೆ ಕಾಲ ಬಳಿ ಉರುಳಾಡುವಂತೆ ಕಾಣುವ ಒಂದು ಮಣಿಯಾಗಿ, ಇವತ್ತು ಮಾಯವಾಯಿತು. ಪರದೆ ಅಂಟಿಕೊಂಡಿದೆ ಎಂದರು ಡಾಕ್ಟರು. ಚಿಕ್ಕಮ್ಮ ಆಸ್ಪತ್ರೆಯ ಬೆಂಚಿನ ಮೇಲೆ ದೊಪ್ಪನೆ ಕೂತರು.

ಆದರೆ ಚಿಕ್ಕಪ್ಪ ಮನೆಗೆ ಬಂದು ಬಾಗಿಲ ಚೌಕಟ್ಟನ್ನೇ ನೋಡುತ್ತಾ ನಿಂತರು. "ಮಧ್ಯದಲ್ಲಿ ಸೊಟ್ಟ ಇದೆ. ನೀರಲ್ಲಿ ಕಂಡ ಹಾಗೆ." ಒಂದು ಸಲ ಎದ್ದ ಪರದೆ ಮತ್ತೆ ಅಂಟಿದರೂ ಮೊದಲಿನಷ್ಟು ನಯವಾಗಿ ಕೂರುವುದಿಲ್ಲವಂತೆ. ತಿಂಗಳುಗಳು ಕಳೆದಂತೆ ಸ್ವಲ್ಪ ಸರಿಹೋದರೂ ಹೋಗಬಹುದು. ಓಡಾಡಲು, ಊಟ ಮಾಡಲು ತೊಂದರೆಯಿಲ್ಲ.

"ನಡೆದಾಡೋಕೆ ಕಣ್ಣು ಬಂತು. ಕೆಲಸಕ್ಕಲ್ಲ" ಎಂದರು.

ಸ್ಟುಡಿಯೋದೊಳಕ್ಕೆ ಬರಲಿಲ್ಲ. ಬಾಗಿಲವರೆಗೆ ಬಂದು ತಿರುಗಿ ಹೋದರು. ಹೊಸ ಲೆನ್ಸು ಸರಿಹೋಯಿತು ಎಂದು ಮಾಮ ತಂದುಕೊಟ್ಟರು. ಅದನ್ನೂ ಕೈಯಲ್ಲಿ ಹಿಡಿಯಲಿಲ್ಲ.

ಮಾರ್ಚ್ ೨೭, ಗುರುವಾರ

ಚಿಕ್ಕಪ್ಪ ಏನೂ ಮಾತಾಡಲಿಲ್ಲ. ಬೋರಲು ಮಲಗಿದ್ದಾಗ ಎಷ್ಟು ಮಾತಾಡುತ್ತಿದ್ದರು.

ಮಾರ್ಚ್ ೨೮, ಶುಕ್ರವಾರ

ಡಿಪೋದ ಕೊನೆಯ ಮುಖವನ್ನು ಬೆಳಿಗ್ಗೆಯೇ ತೆಗೆದು ಮುಗಿಸಿದೆ. ಹಿಂದಿರುಗುವಾಗ ದಾರಿಯುದ್ದಕ್ಕೂ ಒಂದೇ ಯೋಚನೆ. ಮನೆಗೆ ಬಂದವಳೇ ಕ್ಯಾಮೆರಾವನ್ನು ಹಳೆಯ ಲೆನ್ಸಿನ ಸಮೇತ ಮೂರು ಕಾಲಿನ ಸ್ಟ್ಯಾಂಡಿಗೆ ಹಾಕಿ ನಡುಮನೆಯಲ್ಲಿ ನಿಲ್ಲಿಸಿದೆ. ಚಿಕ್ಕಮ್ಮ ಕಿಟಕಿಯ ಹತ್ತಿರ ಅಂಗಿಗೆ ಗುಂಡಿ ಹೊಲಿಯುತ್ತಿದ್ದರು.

"ಚಿಕ್ಕಪ್ಪ, ಇಲ್ಲಿ ಬನ್ನಿ."

"ಬೇಡ ಪುಟ್ಟಿ. ಸೊಟ್ಟಗಣ್ಣಲ್ಲಿ ಏನು ನೋಡೋದು?"

"ಸೊಟ್ಟ ಆದ್ರೆ ಸೊಟ್ಟ ಅಂತ ಹೇಳಿ. ಬನ್ನಿ."

ಚಿಕ್ಕಮ್ಮ ಸೂಜಿ ನಿಲ್ಲಿಸಿ ನನ್ನನ್ನೇ ನೋಡಿದರು. ಯಾಕೋ ಗೊತ್ತಿಲ್ಲ. ಚಿಕ್ಕಪ್ಪ ಎದ್ದು ಬಂದರು. ಬಲಗಣ್ಣನ್ನು ಕಿಂಡಿಗೆ ಇಟ್ಟರು. ಕಿಂಡಿಯ ಪಕ್ಕದ ಪುಟ್ಟ ಚಕ್ರವನ್ನು ಅವರ ಕಣ್ಣಿಗೆ ಹೊಂದುವವರೆಗೆ ತಿರುಗಿಸಿದೆ. ಆಮೇಲೆ ಕ್ಯಾಮೆರಾದ ಹಿಂಬದಿಯ ಗುಂಡಿ ಒತ್ತಿ, ಕೊಂಡಿಯ ಮೇಲೆ ಬೆರಳಿಟ್ಟು, ಮೆಲ್ಲಗೆ ದೂರದಿಂದ ಹತ್ತಿರಕ್ಕೆ ತಂದೆ. ಅವರು ಏನು ನೋಡುತ್ತಿದ್ದಾರೆಂದು ನನಗೆ ಕಾಣುತ್ತಿರಲಿಲ್ಲ. ನಾನು ನೋಡುತ್ತಿದ್ದುದು ಅವರ ಮುಖ.

ಅವರ ಉಸಿರು ನಿಂತಿತು.

ಬೆರಳು ಸರಿಸುತ್ತಲೇ ಇದ್ದೆ. ಕಿಟಕಿಯಾಚೆಯ ಗೋಡೆ ದಾಟಿತು, ಕಿಟಕಿಯ ಸರಳು ದಾಟಿತು, ಚಿಕ್ಕಮ್ಮನ ಕೂದಲು ಬಂದಿರಬೇಕು.

"ಇದು..." ಎಂದರು. ಆಮೇಲೆ, ನನಗಲ್ಲ, ಚಿಕ್ಕಮ್ಮನಿಗೂ ಅಲ್ಲ, ಯಾರಿಗೋ ಹೇಳುವ ಹಾಗೆ: "ಇಷ್ಟು ವರ್ಷ ಇದನ್ನೆಲ್ಲ ಈ ಲೆನ್ಸು ಒಂದೇ ನೋಡ್ತಾ ಇತ್ತಾ?"

ಚಿಕ್ಕಮ್ಮ, "ಏನ್ರೀ ಕಾಣ್ತಿದೆ?" ಎಂದು ಈ ಕಡೆ ತಿರುಗಲು ಹೋದರು.

"ಅಲ್ಲಾಡಬೇಡಿ ಚಿಕ್ಕಮ್ಮ!" ಎಂದೆ.

"ನಿಲ್ಲು" ಎಂದರು ಚಿಕ್ಕಪ್ಪ.

ಬೆರಳು ನಿಲ್ಲಿಸಿದೆ. ಅವರನ್ನು ಸರಿಸಿ ನಾನು ನೋಡಿದೆ. ಕಿವಿಯ ಮೇಲಿನ ಕೂದಲು ಸ್ಪಷ್ಟ. ಕಣ್ಣು ಒಂದು ಚೂರು ಮುಂದಿದೆ. ಹೇಳದೆ ಇರಬಹುದಿತ್ತು.

"ಕಿವಿ ಬಂದಿದೆ ಚಿಕ್ಕಪ್ಪ. ಕಣ್ಣು ಬಂದಿಲ್ಲ."

ಅವರು ತುಟಿ ಕಚ್ಚಿದರು. "ಮತ್ತೆ ಮಾಡು."

ಮತ್ತೆ ಮೊದಲಿನಿಂದ. ಈ ಸಲ ಅವರು ತಲೆಯನ್ನು ಕೂದಲೆಳೆಯಷ್ಟು ಓರೆ ಮಾಡಿದರು, ಸೊಟ್ಟಗಿರುವ ನಡುಭಾಗ ಬಿಟ್ಟು ಅದರ ಪಕ್ಕದಿಂದ ನೋಡುವವರ ಹಾಗೆ. ಕಿಟಕಿ ದಾಟಿತು. ಕಿವಿ ದಾಟಿತು.

"ನಿಲ್ಲು. ಅಲ್ಲೇ."

ನೋಡಿದೆ. ಒಂದೊಂದೇ ರೆಪ್ಪೆ, ಬಿಡಿಬಿಡಿಯಾಗಿ. ಕಂದು ಕಣ್ಣಿನ ಅಂಚಿನ ನೀಲಿ ಬಳೆ. ಮತ್ತೊಂದು ಸಲ ನೋಡಿದೆ, ನನಗೇ ತಪ್ಪಬಾರದೆಂದು.

"ಸರಿ ಇದೆ" ಎಂದೆ. "ರೆಪ್ಪೆ ಬಂದಿದೆ."

ಚಿಕ್ಕಮ್ಮ ಅಲ್ಲಾಡದೆಯೇ ಕೇಳಿದರು, "ಮುಗೀತಾ? ಸೂಜಿ ಕೈಗೆ ಚುಚ್ಚಿಕೊಂಡಿದೀನಿ, ರಕ್ತ ಬರ್ತಿದೆ."

ಚಿಕ್ಕಪ್ಪ ಮತ್ತೆ ಕಿಂಡಿಗೆ ಬಾಗಿದರು. ಕೈ ಮುಂದೆ ತಂದು ಲೆನ್ಸಿನ ಕೆಳಗೆ ತಡಕಾಡಿ ನನ್ನ ಬೆರಳನ್ನು ಮೆಲ್ಲಗೆ ಸರಿಸಿ, ಕೊಂಡಿಯ ಮೇಲೆ ತಮ್ಮ ಬೆರಳಿಟ್ಟರು.

ಮಾರ್ಚ್ ೨೯, ಶನಿವಾರ

ಇವತ್ತು ಬೆಳಿಗ್ಗೆ ಚಿಕ್ಕಪ್ಪ ಬಚ್ಚಲ ಕನ್ನಡಿಯಲ್ಲಿ ತಾವೇ ಗಡ್ಡ ಹೆರೆದುಕೊಂಡು ಹೊರಗೆ ಬಂದು, "ಹೇಗಿದೆ?" ಎಂದು ಮುಖ ಎತ್ತಿ ನಿಂತರು. ನೋಡಿದೆ. ದವಡೆಯ ಕೆಳಗೆ ಒಂದು ಚೂರು ಉಳಿದಿತ್ತು. "ಇಲ್ಲಿ" ಎಂದು ಬೆರಳಿಟ್ಟು ತೋರಿಸಿದೆ. ಅವರು ಒಳಗೆ ಹೋಗಿ ಮತ್ತೆ ಸೋಪು ಹಚ್ಚಿಕೊಂಡರು.